ಅವಳು ಊಟ ಎಲ್ಲಿ ಮಾಡುತ್ತಾಳೆ

ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿದ್ದ ನಮ್ಮ ಹಳೆಯ ಅಪಾರ್ಟ್‌ಮೆಂಟಿನ ನೆಲಮಾಳಿಗೆ ಈಗಲೂ ನನ್ನ ಕನಸಿನಲ್ಲಿ ಬರುತ್ತದೆ. ಬೇರೆಯವರಿಗೆ ತವರುಮನೆ ಬರುತ್ತದಂತೆ, ನನಗೆ ಲಾಂಡ್ರಿ ರೂಮು. ಛಾವಣಿಗೆ ಅಂಟಿಕೊಂಡಂತೆ ಒಂದು ಉದ್ದನೆಯ ಕಿಟಕಿ. ಅದರಲ್ಲಿ ಬೀದಿಯಲ್ಲಿ ಹೋಗುವವರ ಕಾಲುಗಳು ಮಾತ್ರ ಕಾಣುತ್ತಿದ್ದವು. ಹಿಮ ಬಿದ್ದ ದಿನ ಅವೂ ಇಲ್ಲ. ಗಾಜೆಲ್ಲ ಹಾಲಿನ ಬಣ್ಣವಾಗಿ, ಬೆಳಕು ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುತ್ತಿರಲಿಲ್ಲ. ಬಟ್ಟೆ ಒಣಗಿಸುತ್ತ ಗುಂಯ್ ಎಂದು ತಿರುಗುವ ಡ್ರೈಯರಿಗೆ ಬೆನ್ನು ಕೊಟ್ಟು ಕೂತರೆ, ನಾನು ಯಾವ ದೇಶದಲ್ಲಿದ್ದೇನೆ ಎನ್ನುವುದು ಸ್ವಲ್ಪ ಹೊತ್ತು ಮರೆತುಹೋಗುತ್ತಿತ್ತು.

ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ನಮ್ಮವರು ಎಂಜಿನಿಯರು, ಬೆಳಗಾಗೆದ್ದು ನ್ಯೂ ಜೆರ್ಸಿಗೆ ಕಮ್ಯೂಟ್ ಮಾಡುತ್ತಿದ್ದರು. ನನಗೆ ಕೆಲಸವಿಲ್ಲ, ಮಾತಿಗೆ ಜನವಿಲ್ಲ. ದೇವಸ್ಥಾನವೂ ಇನ್ನೂ ಆಗಿರಲಿಲ್ಲ. ಇದ್ದದ್ದು ಅಮ್ಮ ಮೈಸೂರಿನಿಂದ ಹಡಗಿನ ಅಂಚೆಯಲ್ಲಿ ಕಳಿಸುತ್ತಿದ್ದ ಧಾರಾವಾಹಿ ಒಂದೇ. ಆ ಕಾಲದ ಎಷ್ಟೋ ಹೆಂಗಸರಂತೆ ಅಮ್ಮನೂ ವಾರಪತ್ರಿಕೆಯಿಂದ ಕಾದಂಬರಿಯ ಹಾಳೆಗಳನ್ನಷ್ಟೇ ಕಿತ್ತು, ಜೋಡಿಸಿ, ದಬ್ಬಣದಲ್ಲಿ ತೂತು ಮಾಡಿ ದಾರ ಹಾಕಿ ಹೊಲಿಯುತ್ತಿದ್ದಳು. ಒಂದು ಕಂತೆ ನನ್ನ ಕೈ ಸೇರುವ ಹೊತ್ತಿಗೆ ಅಲ್ಲಿ ಕಥಾನಾಯಕಿಗೆ ಎರಡನೇ ಮಗು ಆಗಿರುತ್ತಿತ್ತು, ಇಲ್ಲಿ ನಾನಿನ್ನೂ ಅವಳ ಮದುವೆಗೆ ಅಳುತ್ತಿರುತ್ತಿದ್ದೆ.

ಹಾಗೆ ಓದುತ್ತ ಕೂತಿದ್ದಾಗಲೇ ಅಕ್ಕನ ಪರಿಚಯವಾದದ್ದು. ಅವರು ಕಪ್ಪು ಜನಾಂಗದವರು, ನನಗಿಂತ ಬಹಳ ದೊಡ್ಡವರು. ನಮ್ಮ ಕಟ್ಟಡದಲ್ಲೇ ಇದ್ದ ಒಬ್ಬ ಬಿಳಿಯ ಮುದುಕಿಯ ಮನೆಯಲ್ಲಿ ಉಳಿದುಕೊಂಡು ಕೆಲಸ ಮಾಡುತ್ತಿದ್ದರು. ಅಡುಗೆ, ಬಟ್ಟೆ, ಮುದುಕಿಯ ಸ್ನಾನ ಎಲ್ಲ ಅವರದೇ. ಮುದುಕಿ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದಳು, ಅವರು ಮುದುಕಿಯನ್ನು ಮ್ಯಾಮ್ ಅನ್ನುತ್ತಿದ್ದರು. ದೊಡ್ಡವರನ್ನು ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಹೊರಳಲಿಲ್ಲ, ಅಕ್ಕ ಅಂದೆ. ಅರ್ಥ ಕೇಳಿದರು, ಹೇಳಿದೆ. "ಕೆಲಸದ ಜಾಗದಲ್ಲಿ ನನ್ನನ್ನ ಯಾರೂ ಹಾಗೆ ಕರೆದಿಲ್ಲ," ಅಂದರು. ಅವರ ಇಂಗ್ಲಿಷನ್ನು ನನ್ನ ಕಿವಿ ಯಾಕೋ ಕನ್ನಡದಲ್ಲೇ ಇಟ್ಟುಕೊಂಡಿದೆ.

ಗುರುವಾರ ಮಧ್ಯಾಹ್ನ ಮ್ಯಾಮ್ ಮಲಗಿದ ಮೇಲೆ ಅಕ್ಕ ಬಟ್ಟೆಬುಟ್ಟಿ ಹಿಡಿದು ಕೆಳಗೆ ಬರುತ್ತಿದ್ದರು. ನಾನು ಧಾರಾವಾಹಿಯನ್ನು ನನ್ನ ಹರಕು ಮುರುಕು ಇಂಗ್ಲಿಷಿಗೆ ತಿರುಗಿಸುತ್ತ ಓದಿ ಹೇಳುತ್ತಿದ್ದೆ. ದೊಡ್ಡ ಮನೆ, ದೊಡ್ಡ ಸೊಸೆ, ಅವಳ ದೊಡ್ಡ ದೊಡ್ಡ ಕಷ್ಟಗಳು. ಆ ಮನೆಯಲ್ಲೊಬ್ಬ ಕೆಲಸದವಳು. ಕಾಫಿ ತರುತ್ತಾಳೆ, ಬಾಗಿಲು ತೆಗೆಯುತ್ತಾಳೆ, ಅಮ್ಮಾವ್ರು ಅತ್ತರೆ ತಾನೂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾಳೆ. ಇಷ್ಟೇ ಅವಳ ಪಾತ್ರ. ಅಕ್ಕ ಮೊದಲು ವಿಚಾರಿಸಿದ್ದು ಅವಳನ್ನೇ.

"ಅವಳ ಹೆಸರೇನು?"

"ಹೆಸರು ಕೊಟ್ಟಿಲ್ಲ, ಅಕ್ಕ."

"ಊಟ ಎಲ್ಲಿ ಮಾಡ್ತಾಳೆ?"

"ಅದನ್ನ ಬರೆದಿಲ್ಲ."

ಬರೆಯದಿದ್ದರೂ ನನಗೆ ಗೊತ್ತಿತ್ತು. ಮೈಸೂರಿನ ನಮ್ಮ ಮನೆಯ ಹಿತ್ತಲಿನ ನಲ್ಲಿಯ ಹತ್ತಿರ ಒಂದು ಅಲ್ಯೂಮಿನಿಯಂ ತಟ್ಟೆ ಬೋರಲು ಬಿದ್ದಿರುತ್ತಿತ್ತು. ಅಮ್ಮ ಸೌಟು ಅದಕ್ಕೆ ತಾಕದಂತೆ ಮೇಲಿನಿಂದ ಸಾರನ್ನ ಹಾಕುತ್ತಿದ್ದಳು. ಕನ್ನಡದಲ್ಲಿ ಓದುವವರಿಗೆಲ್ಲ ಆ ತಟ್ಟೆ ಗೊತ್ತು, ಅದಕ್ಕೇ ಯಾರೂ ಬರೆಯುವುದಿಲ್ಲ. ಇದನ್ನು ಅಕ್ಕನಿಗೆ ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

"ನಾನು ನಿಂತ್ಕೊಂಡೇ ತಿಂತೀನಿ," ಅಂದರು. "ಅಡುಗೆಮನೆಯಲ್ಲಿ ಕುರ್ಚಿ ಇದೆ. ಕೂತರೆ ಸಾಕು, ಮ್ಯಾಮ್ ಬೆಲ್ ಹೊಡೀತಾಳೆ."

ಒಂದು ದಿನ ಅಕ್ಕ ತಮ್ಮ ಗುಟ್ಟು ಹೇಳಿದರು. ಮ್ಯಾಮ್‌ಗೆ ಕಣ್ಣು ಮಂಜಾಗಿತ್ತು, ಸಂಜೆ ಅಕ್ಕನೇ ಕಾದಂಬರಿ ಓದಿ ಹೇಳಬೇಕು. ಆ ಕಾದಂಬರಿಗಳಲ್ಲೂ ದೊಡ್ಡ ಮನೆ, ಅಡುಗೆಮನೆಯಲ್ಲಿ ಒಬ್ಬ ಕಪ್ಪು ಹೆಂಗಸು. ಯಾವಾಗಲೂ ನಗುತ್ತಿರುವವಳು, ಯಜಮಾನರ ಮಕ್ಕಳಿಗಾಗಿ ಪ್ರಾಣ ಬಿಡುವವಳು. "ನಮ್ಮಲ್ಲಿ ಯಾರೂ ಹಾಗೆ ಮಾತಾಡಲ್ಲ. ಓದೋಕೆ ಬಾಯಿ ಬರಲ್ಲ," ಅಂದರು. ಅದಕ್ಕೆ ಅಕ್ಕ ಓದುವಾಗಲೇ ಅವಳನ್ನು ತಿದ್ದುತ್ತಿದ್ದರು. ನೆಟ್ಟಗೆ ಮಾತಾಡಿಸುತ್ತಿದ್ದರು, ರಜೆ ಕೊಡಿಸುತ್ತಿದ್ದರು, ಒಮ್ಮೆ ಯಜಮಾನನಿಗೆ ಎದುರುತ್ತರ ಕೂಡ ಕೊಡಿಸಿದ್ದರು. "ಈ ಲೇಖಕರು ಬಹಳ ಸೊಗಸಾಗಿ ಬರೀತಾರೆ ಅಂತಾಳೆ ಮ್ಯಾಮ್," ಎಂದು ಅಕ್ಕ ಹೇಳಿದಾಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆಮೇಲೆ ನಾನು ಸುಮ್ಮನಿರುತ್ತೇನೆಯೆ. ನನ್ನ ಧಾರಾವಾಹಿಯ ಕೆಲಸದವಳೂ ರವಿಕೆ ಬಟ್ಟೆ ಕೊಂಡಳು, ಮ್ಯಾಟಿನಿ ಷೋಗೆ ಹೋದಳು, ಕಾಫಿಯನ್ನು ಬೇಕೆಂದೇ ಆರಿಸಿ ತಂದಳು. ಅಕ್ಕ ಅವಳಿಗೆ ತಮ್ಮ ತಾಯಿಯ ಹೆಸರಿಟ್ಟರು. ಕಿಟಕಿಯಲ್ಲಿ ಯಾರದೋ ಬೂಟುಗಳು ಹಿಮ ತುಳಿದು ಹೋಗುತ್ತಿದ್ದವು. ಆ ಬಿಸಿಯ ಸೋಪಿನ ವಾಸನೆಯ ಕೋಣೆಯಲ್ಲಿ ಎರಡು ದೇಶದ ಅಡುಗೆಮನೆಗಳಿಂದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದು ನಮ್ಮ ಜೊತೆ ಕೂರುತ್ತಿದ್ದಾರೆ ಎಂದು ನನಗೆ ಅನ್ನಿಸುತ್ತಿತ್ತು.

ಚಳಿ ಮುಗಿಯುತ್ತ ಬಂದಾಗ ಮ್ಯಾಮ್ ಫ್ಲಾರಿಡಾದ ಮಗನ ಮನೆಗೆ ಹೋಗುವುದೆಂದು ತೀರ್ಮಾನವಾಯಿತು. ಅಕ್ಕನೂ ಜೊತೆಗೆ ಬರಬೇಕಂತೆ. "ನೀನು ನಮ್ಮ ಮನೆಯವಳೇ ಅಲ್ವಾ ಅಂತಾಳೆ," ಎಂದರು ಅಕ್ಕ. ಅವರಿಗೆ ಹೈಸ್ಕೂಲಿನಲ್ಲಿ ಓದುವ ಮಗಳಿದ್ದಳು, ನ್ಯೂಯಾರ್ಕಿನ ಕ್ವೀನ್ಸಿನಲ್ಲೇ ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿದ್ದಳು. ಅಕ್ಕ ಅವಳನ್ನು ನೋಡುತ್ತಿದ್ದುದು ಭಾನುವಾರ ಮಾತ್ರ. ಹೋದರೆ ಆ ಭಾನುವಾರವೂ ಇಲ್ಲ. ಹೋಗದಿದ್ದರೆ ಇಷ್ಟು ವರ್ಷದ ಕೆಲಸವಿಲ್ಲ, ಈ ವಯಸ್ಸಿನಲ್ಲಿ ಹೊಸ ಮನೆ ಹುಡುಕಬೇಕು. ಮಡಿಸುತ್ತಿದ್ದ ಬೆಡ್‌ಶೀಟನ್ನು ಅರ್ಧಕ್ಕೆ ಹಿಡಿದುಕೊಂಡು ನಿಂತುಬಿಡುತ್ತಿದ್ದರು. ಹೋಗಬೇಡಿ ಎನ್ನುವ ಮಾತು ನನ್ನ ನಾಲಿಗೆ ತುದಿಗೆ ಬರುತ್ತಿತ್ತು, ಆದರೆ ಹಾಗೆ ಹೇಳಲು ನಾನು ಯಾರು.

ಅದೇ ಹೊತ್ತಿಗೆ ಅಮ್ಮನಿಂದ ಧಾರಾವಾಹಿಯ ಕೊನೆಯ ಕಂತೆ ಬಂತು. ಮನೆಯಲ್ಲೇ ಓದಿ ಮುಗಿಸಿದೆ. ದೊಡ್ಡ ಮನೆ ಪಾಲಾಗುತ್ತದೆ, ಅಮ್ಮಾವ್ರು ಮಗನ ಜೊತೆ ಇರಲು ಬೊಂಬಾಯಿಗೆ ಹೊರಡುತ್ತಾರೆ. ಕೆಲಸದವಳು ತನ್ನ ಮಗಳನ್ನು ಯಾರದೋ ಮನೆಯಲ್ಲಿ ಬಿಟ್ಟು ಅವರ ಹಿಂದೆ ಹೋಗುತ್ತಾಳೆ. ಅಲ್ಲಿ ಜ್ವರ ಬಂದು ಅವರ ಪಾದದ ಬಳಿ ಸಾಯುತ್ತಾಳೆ. ಮಗಳಿಗಿಂತ ಹೆಚ್ಚಾಗಿದ್ದೆಯಲ್ಲೇ ಎಂದು ಅಮ್ಮಾವ್ರು ಅಳುತ್ತಾರೆ. ಓದುತ್ತ ನಾನೂ ಅತ್ತೆ. ಅತ್ತು ಮುಗಿದ ಮೇಲೆ ಮೈಯೆಲ್ಲ ಉರಿಯಿತು. ಬರೆದವರ ಮೇಲೋ, ಅತ್ತದ್ದಕ್ಕೆ ನನ್ನ ಮೇಲೋ, ಸಿಟ್ಟಂತೂ ಬಂತು.

ಗುರುವಾರ ಅಕ್ಕನ ಪಕ್ಕದಲ್ಲಿ ಕೂತು ಬೇರೆಯೇ ಕೊನೆಯೊಂದನ್ನು ಕಟ್ಟಲು ಶುರುಮಾಡಿದೆ. ಅಕ್ಕ ಹಾಳೆಯ ಮೇಲೆ ಕೈ ಇಟ್ಟರು.

"ನಿಧಾನ ಮಾಡಿದೆ ನೀನು. ಸುಳ್ಳು ಓದುವಾಗ ನಾನೂ ನಿಧಾನ ಮಾಡ್ತೀನಿ. ಬರೆದಿರೋದನ್ನ ಓದು."

ಓದಿದೆ. ಜ್ವರ, ಪಾದ, ಅಳು, ಎಲ್ಲವನ್ನೂ ಓದಿದೆ. ಅಷ್ಟರಲ್ಲಿ ಡ್ರೈಯರು ನಿಂತಿತ್ತು.

"ಅವಳ ಮಗಳು ಏನಾದಳು?" ಅಂದರು ಅಕ್ಕ.

ಹಾಳೆಗಳನ್ನು ಹಿಂದೆ ಮುಂದೆ ತಿರುವಿದೆ. ಅಮ್ಮ ಹೊಲಿಯುವಾಗ ಯಾವುದಾದರೂ ಹಾಳೆ ಬಿಟ್ಟಳೇ ಎಂದು ಪುಟಸಂಖ್ಯೆ ಕೂಡ ನೋಡಿದೆ. ಎಲ್ಲ ಸರಿಯಾಗಿತ್ತು.

"ಬರೆದಿಲ್ಲ, ಅಕ್ಕ."

ಅವರು ಇನ್ನೂ ಬೆಚ್ಚಗಿದ್ದ ಬಟ್ಟೆಗಳನ್ನು ಬುಟ್ಟಿಗೆ ತುಂಬಿಕೊಂಡು ಮೇಲೆ ಹೋದರು.

ಮುಂದಿನ ವಾರ ಬಂದಾಗ ನಡೆದದ್ದು ಹೇಳಿದರು. ಹಿಂದಿನ ಗುರುವಾರ ಸಂಜೆ ಮ್ಯಾಮ್‌ಗೆ ಕಾದಂಬರಿಯನ್ನು ಅಚ್ಚಾದ ಹಾಗೇ, ಒಂದಕ್ಷರ ಬಿಡದೆ ಓದಿದರಂತೆ. ಮುದುಕಿ ಸ್ವಲ್ಪ ಹೊತ್ತು ಕೇಳಿ, "ಈ ಹೆಂಗಸಿಗೆ ಏನಾಯ್ತು, ಇಷ್ಟು ದಿನ ಚೆನ್ನಾಗಿದ್ದಳಲ್ಲ?" ಅಂದಳಂತೆ.

"ಇವಳು ಇದ್ದಿದ್ದೇ ಹೀಗೆ, ಮ್ಯಾಮ್. ಚೆನ್ನಾಗಿದ್ದವಳು ನಾನು," ಅಂದರಂತೆ ಅಕ್ಕ. ಪುಸ್ತಕ ಮುಚ್ಚಿ, ತಾವು ಫ್ಲಾರಿಡಾಕ್ಕೆ ಬರುವುದಿಲ್ಲ, ಮಗಳಿದ್ದಾಳೆ ಎಂದು ಹೇಳಿದರಂತೆ. ಮುದುಕಿ ಕೇಳಿದ್ದು ಒಂದೇ ಮಾತು, ಹಾಗಾದರೆ ನನಗೆ ಓದುವವರು ಯಾರು ಅಂತ. ಮಗಳ ಹೆಸರು ಕೇಳಲಿಲ್ಲ. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಮ್ಯಾಮ್ ಹೊರಡುವ ವಾರ ಅಕ್ಕ ಕೊನೆಯ ಸಲ ಕೆಳಗೆ ಬಂದರು. ಹಿಮ ಕರಗಿ ಕಿಟಕಿಯ ಗಾಜಿನ ಮೇಲೆ ನೀರು ಇಳಿಯುತ್ತಿತ್ತು, ಅದರ ನೆರಳು ಅವರ ಮುಖದ ಮೇಲೂ ಇಳಿಯುತ್ತಿತ್ತು. ಹೊಸ ಕೆಲಸ ಇನ್ನೂ ಸಿಕ್ಕಿರಲಿಲ್ಲ. ಡ್ರೈಯರಿಗೆ ಬೆನ್ನು ಕೊಟ್ಟು ಕೂತು, "ಈಗ ನಿನ್ನದು ಹೇಳು. ಅವತ್ತು ನಾನು ತಡೆದೆನಲ್ಲ, ಅದು," ಅಂದರು.

ನಾನು ಅಮ್ಮನ ಹಾಳೆಗಳನ್ನು ತೊಡೆಯ ಮೇಲೆ ಬಿಡಿಸಿ ಇಟ್ಟುಕೊಂಡೆ. ಬೊಂಬಾಯಿಯ ರೈಲು ಹೊರಡುವ ಮುಂಚೆ ಕೆಲಸದವಳು ತನ್ನ ಗಂಟು ಎತ್ತಿಕೊಂಡು ಇಳಿಯುತ್ತಾಳೆ. ಅಮ್ಮಾವ್ರು ಕಿಟಕಿಯಿಂದ ಕರೆಯುತ್ತಾರೆ, ಆದರೆ ಅವರಿಗೆ ಅವಳ ಹೆಸರು ಗೊತ್ತಿಲ್ಲ. ಅವಳು ಮಗಳಿದ್ದಲ್ಲಿಗೆ ನಡೆದು ಹೋಗುತ್ತಾಳೆ. ಮಗಳು ಬಾಗಿಲು ತೆಗೆಯುತ್ತಾಳೆ.

"ಊಟ?" ಅಂದರು ಅಕ್ಕ, ಕಣ್ಣು ಮುಚ್ಚಿಕೊಂಡೇ.

"ಮಗಳು ಬಡಿಸ್ತಾಳೆ, ಅಕ್ಕ."

"ಕೂತ್ಕೊಂಡು ತಿಂತಾಳಾ?"

"ಕೂತ್ಕೊಂಡೇ. ಬಿಸಿಬಿಸಿಯಾಗಿ. ಯಾರೂ ಬೆಲ್ ಹೊಡೆಯಲ್ಲ."

ಅಕ್ಕ ಕಾಲು ಚಾಚಿ, ತಲೆಯನ್ನೂ ಡ್ರೈಯರಿಗೆ ಒರಗಿಸಿದರು.

"ಹಾಗಿದ್ರೆ ನಿಧಾನವಾಗಿ ಓದು," ಅಂದರು.