ದೊಡ್ಡವ್ವನ ಹೂಂ

ಹೋದ ಭಾನುವಾರ ನುಗ್ಗೇಹಳ್ಳಿಯ ನೆಂಟರ ಮನೆಗೆ ಹೋಗಿದ್ದೆ. ಸ್ನಾನಕ್ಕೆ ನೀರು ಕಾಯಿಸಿಟ್ಟಿದ್ದರು. ಸೌದೆ ಒಲೆಯ ಹಂಡೆಯ ನೀರು, ಆವಿಯ ಜೊತೆಗೇ ಹೊಗೆಯ ವಾಸನೆ. ನಾನು ತೋಳು ಮಡಚಿ ಬಕೆಟ್ಟಿಗೆ ಮೊಣಕೈ ಅದ್ದಿದೆ. ಟವೆಲ್ಲು ಕೊಡಲು ಬಂದ ನಾದಿನಿ ನಕ್ಕೇಬಿಟ್ಟಳು. “ಏನ್ ಭಾವ, ಎಳೆ ಮಗೀಗೆ ನೀರುಯ್ಯೋರಂಗೆ ನೋಡ್ತೀರಲ್ಲ!” ನಾನೂ ನಕ್ಕೆ. ಈ ಅಭ್ಯಾಸ ಎಲ್ಲಿಂದ ಅಂಟಿಕೊಂಡಿತೆಂದು ಅವಳಿಗೆ ಹೇಳುವ ಧೈರ್ಯ ಬರಲಿಲ್ಲ. ನಿಮಗಾದರೆ ಹೇಳಬಹುದು. ನೀವು ಬೈದುಕೊಂಡರೂ ನನಗೆ ಕೇಳಿಸುವುದಿಲ್ಲ.

ದೊಡ್ಡವ್ವ ನನ್ನ ತಾಯಿಯ ಅಕ್ಕ. ಅವ್ವ ಬೇಗ ಹೋದಳು. ನನ್ನನ್ನು ಸಾಕಿದವಳು ದೊಡ್ಡವ್ವ. ಆಮೇಲೆ ಅರಕಲಗೂಡು ಕಡೆಯ ಒಂದು ಶಾಲೆಯಲ್ಲಿ ಬಹಳ ವರ್ಷ ಬಿಸಿಯೂಟ ಬೇಯಿಸಿದಳು. ಈಗ ಹೊಳೆನರಸೀಪುರದಲ್ಲಿ ನಮ್ಮ ಜೊತೆ ಇದ್ದಾಳೆ. ಅವಳಿಗೊಂದು ಗುಣ: ಎದುರಿಗಿದ್ದವರು ಏನು ಹೇಳಿದರೂ ಹೂಂಗುಟ್ಟಬೇಕು. ಹೂಂ ಅನ್ನದಿದ್ದರೆ ಹೇಳುವವರ ಬಾಯಿ ಒಣಗುತ್ತದಂತೆ. ಟೀವಿಯಲ್ಲಿ ವಾರ್ತೆ ಓದುವ ಹುಡುಗಿಗೂ ಹೂಂಗುಟ್ಟುತ್ತಾಳೆ. ನಾವು ರೇಗಿಸಿದರೆ, “ಪಾಪ, ಅವಾಗಿಂದ ಒಬ್ಳೇ ಮಾತಾಡ್ತಾವ್ಳೆ” ಅನ್ನುತ್ತಾಳೆ. ಅವಳ ಹೂಂ ಎಂದರೆ ಒಪ್ಪಿಗೆಯಲ್ಲ, ಮರ್ಯಾದೆ. ಇಷ್ಟು ವರ್ಷ ಅವಳ ಕೈತುತ್ತು ತಿಂದ ನನಗೇ ಅದು ಗೊತ್ತಿರಲಿಲ್ಲ.

ದೊಡ್ಡವ್ವನಿಗೆ ಸಕ್ಕರೆ ಕಾಯಿಲೆ ಹಳೆಯದು. ಹಿಮ್ಮಡಿ ಬಿರುಕು ಬಿಟ್ಟಿದ್ದು ನೋಡಿ ನನಗೆ ಕರುಳು ಚುರುಕ್ ಅಂದಿತು. ದಿನಾ ಸಂಜೆ ಆಫೀಸಿನಿಂದ ಬಂದು ಉಪ್ಪು ಹಾಕಿದ ಬಿಸಿನೀರಿನಲ್ಲಿ ಅವಳ ಕಾಲು ನೆನೆಹಾಕಿ ಉಜ್ಜುವುದೆಂದು ಗೊತ್ತುಮಾಡಿಕೊಂಡೆ. ಸೇವೆ ಮಾಡುವವರಿಗೆ ಒಂದು ಸಣ್ಣ ಜಂಬ ಇರುತ್ತದೆ ನೋಡಿ, ನನಗೂ ಇತ್ತು. ಪಕ್ಕದ ಮನೆಯವರಿಗೆ ಕಾಣಲೆಂದು ಜಗುಲಿಯ ಮೇಲೇ ಟಬ್ಬು ಇಡುತ್ತಿದ್ದೆ.

“ಬಿಸಿ ಸಾಕಾ ದೊಡ್ಡವ್ವ?”

“ಹೂಂ ಕಣ್ಲಾ, ಇತವಾಗೈತೆ.”

“ಇನ್ನೊಂದಿಷ್ಟು ಹಾಕ್ಲಾ?”

“ಹೂಂ, ಆಕು.”

ಹಾಕಿದೆ. ನನ್ನ ಕೈ ಬಿಸಿನೀರಿನ ಜಗ್ಗಿನ ಹಿಡಿಯ ಮೇಲಿತ್ತು, ನೀರಿನೊಳಗಿರಲಿಲ್ಲ.

ಅದಾಗಿ ಎರಡು ದಿನ ಕಳೆದು ಬೆಳಿಗ್ಗೆ ನೆಲ ಒರೆಸುತ್ತಿದ್ದ ನನ್ನ ಹೆಂಡತಿ ಕೂಗಿಕೊಂಡಳು. ಬಚ್ಚಲಿನಿಂದ ಮಂಚದವರೆಗೆ ನೆಲದ ಮೇಲೆ ನಸುಗೆಂಪಿನ ಒದ್ದೆ ಗುರುತು. ದೊಡ್ಡವ್ವನ ಬಲಗಾಲು ಎತ್ತಿ ನೋಡಿದರೆ ಕಿರುಬೆರಳಿನ ಬುಡದಲ್ಲಿ ಅಂಗಾಲಿನ ಬೊಬ್ಬೆ ಒಡೆದು ಚರ್ಮ ಸುಲಿದಿತ್ತು. ಅವಳು ಆರಾಮಾಗಿ ಕಾಫಿ ಕುಡಿಯುತ್ತಿದ್ದಳು. “ಏನೂ ಇಲ್ಲ ಬುಡು, ನೋವೇ ಇಲ್ಲ” ಅಂದಳು. ನೋವಿಲ್ಲವಲ್ಲ ಎಂದು ನಾನು, ದಡ್ಡ ಶಿಖಾಮಣಿ, ಸಮಾಧಾನಪಟ್ಟುಕೊಂಡೆ.

ನಮ್ಮ ಬೀದಿಯ ಡಾಕ್ಟರು ಸಮಾಧಾನಪಡಲಿಲ್ಲ. ಇವತ್ತೇ ಹಾಸನಕ್ಕೆ ಕರೆದುಕೊಂಡು ಹೋಗಿ, ಅಲ್ಲಿ ಪಾದಕ್ಕೇ ಅಂತ ಡಾಕ್ಟರಿದ್ದಾರೆ ಎಂದರು. ಹೋದೆವು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗಿಡ್ಡ ಸ್ಟೂಲಿನ ಮೇಲೆ ಕೂತು ದೊಡ್ಡವ್ವನ ಪಾದವನ್ನು ತನ್ನ ತೊಡೆಯ ಮೇಲೇ ಇಟ್ಟುಕೊಂಡರು. ದೊಡ್ಡವ್ವ ಸರಕ್ಕನೆ ಕಾಲು ಎಳೆದುಕೊಂಡಳು. “ನಿಮ್ ದಮ್ಮಯ್ಯ, ಬ್ಯಾಡಿ ತಾಯಿ. ಓದಿರೋರು ನೀವು, ನನ್ ಕಾಲ್ ಇಡ್ಕಬಾರ್ದು.”

“ನಾನು ಓದಿರೋದೇ ಇದನ್ನ ಹಿಡ್ಕೊಳ್ಳೋಕೆ ಅಮ್ಮಾ” ಎಂದು ಅವರು ಮತ್ತೆ ಎಳೆದುಕೊಂಡರು. ಪಾದದ ಮೇಲೆ ಬೆರಳಿಟ್ಟು ನಾಡಿ ನೋಡಿದರು. ಬೆರಳ ಸಂದಿಗಳನ್ನು ಬಿಡಿಸಿ ನೋಡಿದರು. ಅವಳ ಹಳೇ ಚಪ್ಪಲಿ ತರಿಸಿ ಎಲ್ಲಿ ಸವೆದಿದೆಯೆಂದು ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ ಒಂದು ಪ್ಲಾಸ್ಟಿಕ್ ಎಳೆ ತೆಗೆದರು. “ಕಣ್ಣು ಮುಚ್ಕೊಳ್ಳಿ. ಇದು ಅಂಗಾಲಿಗೆ ತಾಗಿದ್ದು ಗೊತ್ತಾದ್ರೆ ಹೂಂ ಅನ್ನಿ.”

“ಹೂಂ.” “ಹೂಂ.” “ಹೂಂ ತಾಯಿ.”

ಒಂದನ್ನೂ ಬಿಡಲಿಲ್ಲ. ನಾನು ಖುಷಿಯಾಗಿದ್ದೆ. ಡಾಕ್ಟರು ನನ್ನ ಕಡೆ ನೋಡಿ, ಎಳೆಯನ್ನು ಮೇಜಿನ ಮೇಲಿಟ್ಟು, ಕೈ ಕಟ್ಟಿ ಕುಳಿತರು. “ಈಗ ಗೊತ್ತಾಯ್ತಾ?”

“ಹೂಂ” ಎಂದಳು ದೊಡ್ಡವ್ವ.

ಕಣ್ಣು ತೆರೆಸಿ ಖಾಲಿ ಕೈ ತೋರಿಸಿದಾಗ ಅವಳ ಮುಖ ಚಿಕ್ಕದಾಯಿತು. ತಪ್ಪು ಒಪ್ಪಿಕೊಳ್ಳುವವಳಂತೆ ನನ್ನನ್ನು ನೋಡಿದಳು. “ಎರಡ್ ವರ್ಷ ಆಯ್ತು ಕಣ್ಲಾ, ಕಾಲು ನಂದಲ್ವೇನೋ ಅಂಗಾಗಿ. ನೀನು ಅಷ್ಟು ಅಕ್ಕರೇಲಿ ನೀರುಯ್ತಿದ್ದೆ. ಗೊತ್ತಾಯ್ತಿಲ್ಲ ಅಂತ ಎಂಗ್ ಯೋಳ್ಲಿ?”

ಅಯ್ಯೋ, ಭೂಮಿ ಬಾಯಿ ಬಿಡಬಾರದೇ ಅನಿಸಿತು. ಸುಟ್ಟವನು ನಾನು, ನನ್ನ ಮನಸ್ಸು ನೋಯಬಾರದೆಂದು ಸುಡಿಸಿಕೊಂಡವಳು ಅವಳು. ಕೀವು ಮೂಳೆಗೆ ಇಳಿದರೆ ಬೆರಳು ಹೋಗುತ್ತದೆ, ಅಲ್ಲಿಗೂ ನಿಲ್ಲದಿದ್ದರೆ ಪಾದವೇ ಹೋಗಬಹುದು ಎಂದರು ಡಾಕ್ಟರು. ನಾನು ಅಲ್ಲೇ, ಎಲ್ಲರೆದುರಿಗೆ ಅತ್ತುಬಿಟ್ಟೆ. ದೊಡ್ಡವ್ವ ನನ್ನ ತಲೆ ಸವರಿದಳು.

ಆಮೇಲೆ ಮೂರು ತಿಂಗಳು ಹಾಸನದ ಬಸ್ಸೇ ನಮಗೆ ಮನೆಯಾಯಿತು. ಡಾಕ್ಟರು ಸತ್ತ ಚರ್ಮವನ್ನು ಬ್ಲೇಡಿನಿಂದ ಹೆರೆದು ಪಟ್ಟಿ ಕಟ್ಟುತ್ತಿದ್ದರು. ಗಾಯದ ಮೇಲೆ ಮೈಭಾರ ಬೀಳದಂತೆ ದಪ್ಪ ಮೆತ್ತೆಯಲ್ಲಿ ತೂತು ಕೊರೆದು ಅಂಟಿಸುತ್ತಿದ್ದರು. ಔಷಧಿ ಎಷ್ಟಾದರೂ ಹಾಕಿ, ಅದರ ಮೇಲೆ ನಡೆದರೆ ಮಾಯುವುದಿಲ್ಲ ಎನ್ನುತ್ತಿದ್ದರು. ನೆನೆಹಾಕುವ ಕೆಲಸವನ್ನಂತೂ ಪೂರ್ತಿ ಬಿಡಿಸಿದರು. ಕಾಲು ತೊಳೆಯುವ ನೀರನ್ನು ಮೊದಲು ಮೊಣಕೈಯಿಂದ ನೋಡಬೇಕು, ಬೆರಳ ಸಂದಿ ಒರೆಸಬೇಕು, ದಿನಾ ಅಂಗಾಲು ನೋಡಬೇಕು. ಎಲ್ಲಕ್ಕೂ ದೊಡ್ಡವ್ವ ಹೂಂ ಎಂದಳು. ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕಬೇಕು ಎಂದಾಗ ಮಾತ್ರ ತಿರುಗಿಬಿದ್ದಳು. “ಅಡುಗೆಮನೇಲಿ ಮೆಟ್ಟು ಮೆಟ್ಕಂಡು ಓಡಾಡಾದಾ? ಆಗಾಕಿಲ್ಲ!” ನನ್ನ ಹೆಂಡತಿ ಹೊಸ ಜೊತೆಯನ್ನು ತೊಳೆದು, ಅರಿಶಿನ ಕುಂಕುಮ ಇಟ್ಟು ಮುಂದಿಟ್ಟಳು. “ಇದು ಹೊಸ್ತಿಲು ದಾಟಲ್ಲ ಅತ್ತೆ. ಮೆಟ್ಟಲ್ಲ ಇದು, ಔಷಧಿ.” ಒಂದು ದಿನ ಮುನಿಸಿಕೊಂಡಿದ್ದು, ಆಮೇಲೆ ಹಾಕಿಕೊಂಡಳು. ಗಾಯ ಮಾಯಿತು. ಬೆರಳು ಉಳಿಯಿತು.

ಈ ತಿಂಗಳು ಮತ್ತೆ ತೋರಿಸಲು ಹೋಗಿದ್ದೆವು. ಡಾಕ್ಟರು ಎಳೆ ತೆಗೆದರು, ದೊಡ್ಡವ್ವ ಕಣ್ಣು ಮುಚ್ಚಿದಳು. “ಇಲ್ಲ.” “ಇಲ್ಲ.” “ಇಲ್ಲ ತಾಯಿ.” ಅವಳ ಬಾಯಿಂದ ಇಷ್ಟೊಂದು ‘ಇಲ್ಲ’ ಕೇಳಿದ್ದು ಅದೇ ಮೊದಲು. ಒಂದೊಂದಕ್ಕೂ ನನ್ನ ಎದೆ ಹಿಂಡುತ್ತಿತ್ತು, ಆದರೂ ಅವು ನಿಜ ಎಂಬ ನೆಮ್ಮದಿಯಿತ್ತು. ಹಿಮ್ಮಡಿಯ ಒಳಬದಿಗೆ ಬಂದಾಗ ಅವಳು ಸ್ವಲ್ಪ ತಡೆದು “ಹೂಂ” ಎಂದಳು. ನಾನು ಬಗ್ಗಿ ನೋಡಿದೆ. ಎಳೆ ನಿಜವಾಗಿಯೂ ತಾಗಿ ಬಾಗಿತ್ತು. “ಇಲ್ಲಿ ಇನ್ನೂ ಇದೆ” ಎಂದರು ಡಾಕ್ಟರು.

ನಾಲ್ಕಾಣೆ ಅಗಲದ ಜಾಗ. ಈಗ ಸಂಜೆ ಅವಳ ಕಾಲು ನೋಡಲು ಕೂತಾಗ ಮೊದಲು ಅಲ್ಲಿ ಹೆಬ್ಬೆರಳು ಇಡುತ್ತೇನೆ. ಅವಳು ಮಂಚದ ಮೇಲೆ ಕಣ್ಣು ಮುಚ್ಚಿ ಒರಗಿರುತ್ತಾಳೆ.

“ಬಂದ್ಯೇನ್ಲಾ?” ಅನ್ನುತ್ತಾಳೆ.