ಟೇಪಮ್ಮನ ಹೊಟ್ಟೆಕಿಚ್ಚು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದೊಡ್ಡಾಸ್ಪತ್ರೆಯ ಬಾಗಿಲಲ್ಲಿ ಆಗಲೇ ಸಾಲು ನಿಂತಿದೆ. ಬೆಂಚಿನ ಮೇಲೆ ಕೂತ ಗಂಡಸೊಬ್ಬರ ಹೊಟ್ಟೆಯ ಸುತ್ತ ದರ್ಜಿ ಹೆಂಗಸೊಬ್ಬರು ಅಳತೆ ಟೇಪು ಹಾಯಿಸುತ್ತಿದ್ದಾರೆ. "ಉಸಿರು ಬಿಡಿ ಅಣ್ಣ. ಹೊಟ್ಟೆ ಒಳಗೆ ಎಳ್ಕೊಂಡು ಕೂರೋಕೆ ನಿಮ್ಮನ್ನೇನು ಹೆಣ್ಣಿನ ಕಡೆಯೋರು ನೋಡೋಕೆ ಬಂದಿದಾರಾ?" ಪಕ್ಕದಲ್ಲಿದ್ದ ಆತನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾರೆ.

ಇಲ್ಲಿ ಎಲ್ಲರಿಗೂ ಇವರು ಟೇಪಮ್ಮ. ಲಿವರ್ ಕೆಟ್ಟವರ ಹೊಟ್ಟೆಯಲ್ಲಿ ನೀರು ತುಂಬಿದರೆ ಹಳೆಯ ಅಂಗಿಯ ಗುಂಡಿ ಕೂರುವುದಿಲ್ಲ. ಅವರಿಗೆಂದೇ ಎರಡೂ ಪಕ್ಕದಲ್ಲಿ ಹೆಚ್ಚುವರಿ ಬಟ್ಟೆ ಬಿಟ್ಟು ಅಂಗಿ ಹೊಲಿದು ಬಿಟ್ಟಿ ಕೊಡುತ್ತಾರೆ. ನೀರು ಏರಿದರೆ ಹೊಲಿಗೆ ಬಿಚ್ಚುವುದು, ಇಳಿದರೆ ಹಿಡಿಯುವುದು. ವಾರಕ್ಕೆ ಮೂರು ಬೆಳಗು, ಬೆಳಗಿಗೆ ಎಂಟ್ಹತ್ತು ಹೊಟ್ಟೆ, ಆಮೇಲೆ ಅಂಗಡಿ. ಭಾನುವಾರ ಮಾರುಕಟ್ಟೆಯ ಬಾಗಿಲಲ್ಲಿ ಡಬ್ಬಿ ಹಿಡಿದು ಯಾರದಾದರೂ ಆಪರೇಷನ್ನಿಗೆ ಹಣ ಎತ್ತುತ್ತಾರೆ. ರೋಗಿಗಳ ಸರ್ಕಾರಿ ನೆರವಿನ ಅರ್ಜಿ ಮುಂದೆ ಹೋಗದಿದ್ದರೆ ಕಚೇರಿಯ ಮೆಟ್ಟಿಲು ಹತ್ತುವುದೂ ಇವರೇ. ಇವರನ್ನು ಕಂಡ ಕೂಡಲೇ ಅಲ್ಲಿನ ಗುಮಾಸ್ತರಿಗೆ ಊಟದ ನೆನಪಾಗುತ್ತದಂತೆ.

ಪತ್ರಿಕೆಯಲ್ಲಿ ಇವರನ್ನು ಎಲೆಮರೆಯ ಕಾಯಿ ಎಂದು ಬರೆಯುತ್ತೇನೆ ಎಂದರೆ ನನ್ನನ್ನು ಗದರುತ್ತಾರೆ. "ಮರೆ ಎಲ್ಲಿಂದ ಬಂತು ಸಾರ್? ಬಾಗಿಲಿಗೆ ಅಡ್ಡ ನಿಂತಿರ್ತೀನಿ. ಹೊಟ್ಟೆಕಿಚ್ಚಿನ ಹೆಂಗಸು ಅಂತ ಬರೀರಿ, ಅದು ಸರಿ." ಹೀಗೆ ನೇರವಾಗಿ ಒಪ್ಪಿಕೊಳ್ಳುವ ಧೈರ್ಯ ನನಗಿಲ್ಲ. ಅದಕ್ಕೇ ಅವರ ಮೇಲೆ ನನಗೂ ಸ್ವಲ್ಪ ಹೊಟ್ಟೆಕಿಚ್ಚು.

ಹನ್ನೊಂದು ವರ್ಷದ ಹಿಂದೆ ಇವರ ಗಂಡ, ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು, ಇದೇ ಬೆಂಚಿನಲ್ಲಿ ಕೂರುತ್ತಿದ್ದರು. ಒಂದು ದಿನವೂ ಕುಡಿದವರಲ್ಲ, ಆದರೂ ನೆಂಟರು ಪಿಸುಗುಟ್ಟಿದರು. ಐದು ತಿಂಗಳಲ್ಲಿ ಒಂದೇ ಅಂಗಿಯ ಹೊಲಿಗೆಯನ್ನು ಟೇಪಮ್ಮ ನಾಲ್ಕು ಸಲ ಬಿಚ್ಚಿದರು. "ಹಿಡಿಯೋ ಕೆಲಸ ಒಂದ್ಸಲನೂ ಬರ್ಲಿಲ್ಲ. ಈಗ ಬೇರೆಯೋರ ಅಂಗಿ ಹಿಡಿಯೋವಾಗ ಅವರ ಹೆಂಡ್ತಿ ಮುಖ ನೋಡೋಕಾಗಲ್ಲ ನಂಗೆ. ಧಗಧಗ ಅಂತ ಉರಿಯತ್ತೆ."

ಆ ಉರಿ ಹೋದ ವರ್ಷ ಕೈಮೀರಿತು. ಡಬ್ಬಿ ಹಿಡಿದರೆ ಜನ ಕೇಳುವ ಮೊದಲ ಪ್ರಶ್ನೆ, "ಕುಡೀತಿದ್ರಾ?" ಟೇಪಮ್ಮನ ಬಳಿ ಸಿದ್ಧ ಉತ್ತರವಿತ್ತು: "ನಮ್ಮೋರು ಒಂದು ತೊಟ್ಟೂ ಮುಟ್ಟಿದೋರಲ್ಲ, ಆದ್ರೂ ಹೋದ್ರು." ಜನ ಕರಗುತ್ತಿದ್ದರು. ಒಂದು ದಿನ ಲಾರಿ ಡ್ರೈವರೊಬ್ಬರ ಹೆಂಡತಿ ಅಂಗಡಿಗೆ ಬಂದರು. ಡ್ರೈವರ್ ಕುಡಿದೇ ಲಿವರ್ ಕೆಡಿಸಿಕೊಂಡವರು, ಬಿಟ್ಟು ವರ್ಷವಾಗಿತ್ತು. ತನ್ನ ಲಿವರಿನ ಒಂದು ಭಾಗ ಕೊಡಲು ಡ್ರೈವರ ತಂಗಿ ತಯಾರಿದ್ದರು. ಆಪರೇಷನ್ನಿಗೆ ಹಣವಿರಲಿಲ್ಲ. ಟೇಪಮ್ಮ ಮಷೀನಿನಿಂದ ತಲೆಯೆತ್ತದೆ ಅದೇ ಮಾತು ಆಡಿದರು. "ನಮ್ಮೋರು ಒಂದು ತೊಟ್ಟೂ ಮುಟ್ಟಿದೋರಲ್ಲ."

ಆಕೆ ಅಳಲಿಲ್ಲ. "ನಿಮ್ಮೋರು ಉಳೀಬೇಕಿತ್ತು ಅಕ್ಕ, ಅದೇ ನ್ಯಾಯ. ಅವರು ಹೋದ್ರು ಅಂತ ನಮ್ಮೋರೂ ಹೋಗ್ಬೇಕಾ?" ಎಂದು ಕೇಳಿ ಹೊರಟುಬಿಟ್ಟರು.

"ನಮ್ಮೋರು ಒಳ್ಳೆಯೋರು ಅಂತ ಸಾರಿ ಸಾರಿ, ಕುಡಿದೋರ ಪಾಲಿನ ಬಾಗಿಲು ನಾನೇ ಮುಚ್ಚಿದ್ದೆ" ಎನ್ನುತ್ತಾರೆ ಟೇಪಮ್ಮ. ಮುಂದಿನ ಭಾನುವಾರ ಆಕೆಯನ್ನು ಹುಡುಕಿ ಕರೆದುಕೊಂಡು ಬಂದು ಡಬ್ಬಿ ಹಿಡಿದು ನಿಂತರು. ಕುಡೀತಿದ್ರಾ ಎಂದವರಿಗೆ ಉತ್ತರ ಬದಲಾಗಿತ್ತು: "ಹೌದು, ಕುಡೀತಿದ್ರು. ಈಗ ಬದುಕ್ಬೇಕು ಅಂತಿದಾರೆ." ಎಷ್ಟೋ ಜನ ಮುಖ ತಿರುಗಿಸಿದರು. ಮೊದಲಾದರೆ ಎರಡು ಭಾನುವಾರದಲ್ಲಿ ಸೇರುತ್ತಿದ್ದ ಹಣ ಸೇರಲು ಹದಿನೇಳು ಭಾನುವಾರ ಹಿಡಿಯಿತು.

ಈಗ ಬೆಂಚಿನ ಮೇಲೆ ಹೊಟ್ಟೆ ಎಳೆದುಕೊಂಡು ಕೂತಿರುವವರು ಆ ಡ್ರೈವರೇ. ಆಪರೇಷನ್ ಆಗಿ ಮೂರು ತಿಂಗಳು. ಟೇಪು ನಾಲ್ಕು ಇಂಚು ಕಡಿಮೆ ತೋರಿಸುತ್ತದೆ.

"ಏನು ಗೊರಕೆ ಅಂತೀರಾ ಅಕ್ಕ, ನಿದ್ದೆನೇ ಇಲ್ಲ ನಂಗೆ!" ಹೆಂಡತಿ ದೂರುತ್ತಾರೆ.

ಟೇಪಮ್ಮ ಮುಖ ತಿರುಗಿಸಿ, ಅಂಗಿಯ ಪಕ್ಕ ಮಡಿಸಿ ಪಿನ್ನು ಚುಚ್ಚುತ್ತಾರೆ. ಕಣ್ಣು ಕೆಂಪಾಗಿದೆ.

"ನೋಡಿದ್ರಾ ಸಾರ್, ಹೇಗೆ ಹೊಟ್ಟೆ ಉರಿಸ್ತಾಳೆ! ದಿನಕ್ಕೊಬ್ಬಳಾದ್ರೂ ಬಂದು ಹೀಗೆ ಉರಿಸ್ಲಿ. ನಂಗೆ ಅಷ್ಟು ಸಾಕು."