ಬೆರಳು ಗಾತ್ರದ ಅಕ್ಷರ

ಹಾಸನದ ಬೋರ್ಡು ಬರೆಯುವ ದ್ಯಾವಯ್ಯನಿಗೆ ಜಂಭ ಇತ್ತೆಂದು ಹೇಳುವವರು ಹೇಳಲಿ. ಇತ್ತು, ಇರಬೇಕಾದದ್ದೇ. ತನ್ನೂರು ಕಟ್ಟಾಯದಲ್ಲಿ ಎತ್ತಿನ ಕೊಂಬಿಗೆ ಬಣ್ಣ ಬಳಿಯುತ್ತಿದ್ದವನು, ನಲವತ್ತೆರಡನೇ ಇಸವಿಯ ಹೊತ್ತಿಗೆ ಪೇಟೆಯ ಅರ್ಧ ಅಂಗಡಿಗಳ ಹೆಸರು ಬರೆದಿದ್ದ.

ಆಗೆಲ್ಲ ಬೋರ್ಡಿನ ಅಕ್ಷರವೆಂದರೆ ಸಣಕಲು ಮೈ, ಉದ್ದ ಬಾಲ, ಮೇಲೊಂದು ಬಳ್ಳಿ. ದ್ಯಾವಯ್ಯನೂ ಹಾಗೇ ಬರೆಯುತ್ತಿದ್ದ. ಅವನ ಕೈ ತಿರುಗಿಸಿದವಳು ಹೆಂಡತಿ ಚಿಕ್ಕಲಕ್ಷ್ಮಮ್ಮ. ಹಿಂದಿನ ವರ್ಷ ಹೊಳೆನರಸೀಪುರದ ಹತ್ತಿರದ ಹಳೇಕೋಟೆಯ ತವರಿಗೆ ಹೊರಟವಳಿಗೆ ಯಾವನೋ ಪುಣ್ಯಾತ್ಮ ತಮಾಷೆಗೆ ತಪ್ಪು ಬಸ್ಸು ತೋರಿಸಿದ್ದ. ಅರಕಲಗೂಡಿನಲ್ಲಿ ಇಳಿದು ಅತ್ತಿದ್ದಳು. ಆ ಅವಮಾನಕ್ಕೇ ಹೆಂಗಸರ ಸಂಜೆ ಶಾಲೆಗೆ ಸೇರಿ, ಮನೆಯಲ್ಲಿ ಮೊರದ ತುಂಬ ರಾಗಿ ಹರವಿಕೊಂಡು ಬೆರಳಿನಲ್ಲಿ ಅಕ್ಷರ ತಿದ್ದತೊಡಗಿದಳು. ದ್ಯಾವಯ್ಯ ನೋಡುತ್ತ ಕೂತ. ಎಲ್ಲ ಕಡೆ ಒಂದೇ ದಪ್ಪ, ತುದಿಯೆಲ್ಲ ಗುಂಡಗೆ. ಕರೆದು ಮಾತಾಡಿಸುವ ಹಾಗಿದ್ದವು. ಮಾರನೆಯ ದಿನವೇ ಕುಂಚದ ತುದಿಯನ್ನು ಗುಂಡಗೆ ಕತ್ತರಿಸಿಕೊಂಡ.

ಆ ಕುಂಚದಲ್ಲಿ ಮೊದಲು ಬರೆದದ್ದು ಸಾಹುಕಾರ ಗಂಗಾಧರಯ್ಯನವರ ಬಸ್ಸಿನ ಹಣೆಯ ಹಲಗೆಯ ಮೇಲೆ, ‘ಹೊಳೆನರಸೀಪುರ’ ಅಂತ. ರಾಗಿಯ ಮೇಲೆ ಬರೆದಂತೆ ಅಳತೆಯಿಲ್ಲದೆ ಶುರು ಮಾಡಿದ. ರಾಗಿಯನ್ನಾದರೆ ಸವರಿ ಮತ್ತೆ ಬರೆಯಬಹುದು. ಇಲ್ಲಿ ‘ಪು’ ಮುಗಿಯುವಷ್ಟರಲ್ಲಿ ಹಲಗೆಯೇ ಮುಗಿಯಿತು! ದ್ಯಾವಯ್ಯ ಅಂಜಲಿಲ್ಲ. ಉಳಿದ ‘ರ’ವನ್ನು ಪಕ್ಕದ ತಗಡಿನ ಮೇಲೆ ಅಷ್ಟೇ ದಪ್ಪಗೆ ಬರೆದು ಕೆಳಗಿಳಿದ.

ಸಾಹುಕಾರರಿಗೆ ಪಿತ್ತ ನೆತ್ತಿಗೇರಿತು. “ಏನಯ್ಯ ಇದು, ಕಡುಬು ಜೋಡಿಸಿದಂಗೆ? ಮೈಸೂರಿನ ಪೇಂಟರ್‌ನ ಕರೆಸ್ತೀನಿ. ನನ್ನ ಬಸ್ಸು ಇನ್ನು ನೀನು ಮುಟ್ಟಬೇಡ.”

“ಒಂದಿನ ತಡೀರಿ ಸಾವ್ಕಾರ್ರೇ. ನಾಳೀಕೆ ನಮ್ಮೋಳು ತವ್ರಿಗೆ ಓಯ್ತಾಳೆ. ಯಾವ ಬಸ್ಸು ಅಂತ ನಾನೇನೂ ಏಳಾಕಿಲ್ಲ. ಅವ್ಳೇ ಓದ್ಕಂಡು ಬಸ್ಸತ್ತುದ್ರೆ ಬೋರ್ಡು ಇರ್ಲಿ. ಯಾರ್ನಾದ್ರೂ ಕೇಳುದ್ಲೋ, ನಾನೇ ಕಿತ್ತಾಕಿ ಕಟ್ಟಾಯದ ದಾರಿ ಇಡೀತೀನಿ.”

ಹೆಂಡತಿಯ ಓದಿನ ಮೇಲೆ ಸ್ವಂತ ಅನ್ನವನ್ನೇ ಪಣಕ್ಕಿಟ್ಟ ಗಂಡಸು ಆ ಪೇಟೆಯಲ್ಲಿ ಇನ್ನೊಬ್ಬನಿರಲಿಲ್ಲ.

ಬೆಳಿಗ್ಗೆ ಮೂರು ಬಸ್ಸು ಸಾಲಾಗಿ ನಿಂತಿದ್ದವು. ಸಾಹುಕಾರರೂ ದ್ಯಾವಯ್ಯನೂ ಹುಣಸೇಮರದ ಕೆಳಗೆ. ಚಿಕ್ಕಲಕ್ಷ್ಮಮ್ಮ ಗಂಟು ಕಂಕುಳಲ್ಲಿಟ್ಟುಕೊಂಡು ಬಂದಳು. ಚನ್ನರಾಯಪಟ್ಟಣದ ಬಸ್ಸಿನ ಬಳ್ಳಿ ಅಕ್ಷರಗಳ ಮುಂದೆ ನಿಂತು ತಡವರಿಸಿದಳು. ಅರಕಲಗೂಡಿನದರ ಮುಂದೆಯೂ ಅಷ್ಟೇ. ಕಂಡಕ್ಟರ್ ಪುಟ್ಟರಾಜು “ಎಲ್ಗವ್ವಾ?” ಅಂದ. ಅವಳು ಅವನನ್ನು ದಾಟಿ ಮೂರನೆಯದಕ್ಕೆ ಬಂದಳು.

ಅಲ್ಲಿ ಅವಳ ಬೆರಳು ಮೇಲೆದ್ದಿತು. ಮೊರದ ಮುಂದೆ ಕೂತಂತೆ, ಗಾಳಿಯಲ್ಲೇ ಒಂದೊಂದು ಅಕ್ಷರವನ್ನೂ ತಿದ್ದಿತು. ಹಲಗೆ ಮುಗಿಯಿತು. ಬೆರಳು ಒಂದು ಗಳಿಗೆ ನಿಂತು, ಅಂಚು ದಾಟಿ, ತಗಡಿನ ಮೇಲಿದ್ದ ‘ರ’ವನ್ನೂ ಸುತ್ತಿ ಬಂತು. ಸೆರಗು ಸಿಕ್ಕಿಸಿಕೊಂಡು ಬಸ್ಸು ಹತ್ತಿದಳು.

“ಚನ್ನರಾಯಪಟ್ಟಣದ ಬಸ್ಸಿಗೂ ನೀನೇ ಬರಿಯಯ್ಯ,” ಅಂದರು ಸಾಹುಕಾರರು. “ಹಲಗೆ ಮಾತ್ರ ಉದ್ದದ್ದು ಹಾಕಿಸ್ತೀನಿ.”

ಬಸ್ಸು ಹೊರಟಿತು. ಮರದಡಿ ನಿಂತ ಗಂಡನನ್ನು ಚಿಕ್ಕಲಕ್ಷ್ಮಮ್ಮ ಆಗ ಕಂಡಳು. ಕಿಟಕಿಯಿಂದ ತಲೆ ಹೊರಗೆ ಹಾಕಿ, ಇಡೀ ಪೇಟೆಗೆ ಕೇಳುವಂತೆ ಕೂಗಿದಳು:

“ಯಾರ್ನೂ ಕೇಳ್ನಿಲ್ಲ ಕಣೇಳು!”